ನಾಲ್ಕೆಳೆಯ ಗಂಟು

ಚಿನಕುರಳಿಯ ಬಸ್‌ಸ್ಟಾಪಿನಲ್ಲಿ ಚಲುವಯ್ಯ ಮಗಳ ಫ್ಲೆಕ್ಸು ಕಟ್ಟಿಸಿದ್ದ. ರಮ್ಯಳ ಫೋಟೊ, ಕೆಳಗೆ ‘ಕ್ಯಾನ್ಸರ್‌ಗೆ ಔಷಧಿ ಕಂಡುಹಿಡಿದ ನಮ್ಮೂರ ಹೆಮ್ಮೆಯ ಪುತ್ರಿ’, ಸುತ್ತ ಶುಭ ಕೋರುವವರ ಇಪ್ಪತ್ತೆರಡು ಮುಖಗಳು. ನಮ್ಮ ಕಡೆ ಓದಿದವರಿಗಿಂತ ಶುಭ ಕೋರುವವರ ಮುಖವೇ ದಪ್ಪ, ಬಿಡಿ. ಚಲುವಯ್ಯನಂತೂ ಏನಾದರೊಂದು ನೆಪ ತೆಗೆದು ದಿನಕ್ಕೆ ಮೂರು ಸಲ ಅಲ್ಲಿಗೆ ಹೋಗಿ ಬರುತ್ತಿದ್ದ.

ಊರವರು ಇಟ್ಟುಕೊಂಡಿದ್ದ ಸನ್ಮಾನದ ದಿನ, ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ರಮ್ಯ ಅದನ್ನು ಓದಿಕೊಂಡೇ ಮನೆಗೆ ಬಂದಳು.

“ಅಪ್ಪ, ನಾನ್ಯಾವ ಔಷಧಿ ಕಂಡುಹಿಡ್ದೆ?”

ಅವನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಮುದ್ದಯ್ಯನ ಹೆಂಡತಿ ಮಾಯಮ್ಮ ಬಂದು ಅವಳ ಕೈ ಹಿಡಿದುಕೊಂಡಳು. “ನಮ್ಮೆಜಮಾನ್ರು ಕ್ಯಾನ್ಸರ್‌ಗೆ ಆಕುಸ್ಕೊತಿದ್ದ ಆಸ್ಪತ್ರೆ ಸೂಜಿ ನಿಲ್ಲುಸ್ಬುಟ್ಟವ್ರೆ ಕಣವ್ವ. ಎರಡು ಸಲ ತಪ್ಪೋಯ್ತು. ನನ್ ಮಗಳು ಔಷ್ದಿ ತತ್ತಾಳೆ ಅಂತ ನಿಮ್ಮಪ್ಪ ಏಳಿದ್ನಲ್ಲ, ಅದ್ಕೇ ಕಾಯ್ತಾವ್ರೆ.”

ಚಲುವಯ್ಯ ಹಾಗೆ ಹೇಳಿದ್ದು ನಿಜ. ಮಾಯಮ್ಮ ಹೋದ ಮೇಲೆ ಮಗಳ ಹತ್ತಿರ ಗೋಗರೆದ. “ಪಂಕ್ಸನ್ ಮುಗುದ್ಮೇಲೆ ಮುದ್ದಯ್ಯಂಗೆ ಮೆತ್ತಗೆ ಏಳವ್ವ. ಊರೋರ ಮುಂದೆ ನನ್ ಮರ್ಯಾದೆ.”

ರಮ್ಯಳಿಗೆ ಸಂಜೆ ಶಾಲು ಹೊದಿಸಿ ಪೇಟ ಇಟ್ಟರು. ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಮೈಕು ಹಿಡಿದಳು.

“ನಾನು ಔಷಧಿ ಕಂಡುಹಿಡ್ದಿಲ್ಲ. ಡಿಎನ್‌ಎ ಅನ್ನೋದು ಎರಡೆಳೆ ಹಗ್ಗ ಇದ್ದಂಗೆ. ಕೆಲವು ಕಡೆ ಮಡಚ್ಕೊಂಡು ನಾಲ್ಕೆಳೆ ಗಂಟಾಗುತ್ತೆ. ಕ್ಯಾನ್ಸರ್ ಜೀವಕೋಶದಲ್ಲಿ ಇಂಥ ಗಂಟು ಜಾಸ್ತಿ. ಗಂಟು ಬಿಚ್ಚದಂಗೆ ಹಿಡ್ಕೊಂಡ್ರೆ ಆ ಕೋಶ ಬೆಳೆಯಕ್ಕಾಗಲ್ಲ. ಹಂಗೆ ಹಿಡ್ಕೊಳ್ಳೋ ಒಂದು ರಾಸಾಯನಿಕ ನಂಗೆ ಸಿಕ್ಕಿದೆ, ಅದೂ ಲ್ಯಾಬಿನ ಗಾಜಿನ ತಟ್ಟೇಲಿ. ಮನುಷ್ಯರಿಗೆ ಕೊಡೋಂಗಾಗಕ್ಕೆ ಎಷ್ಟು ವರ್ಷವೋ, ಆಗುತ್ತೋ ಇಲ್ವೋ, ನಂಗೂ ಗೊತ್ತಿಲ್ಲ. ಮುದ್ದಯ್ಯಮಾವ, ಈಗ ನಿಮಗಿರೋದು ಆಸ್ಪತ್ರೆ ಸೂಜಿನೇ. ನಾಳೆನೇ ಹೋಗಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಲುವಯ್ಯ ತಲೆ ತಗ್ಗಿಸಿ ಕುಳಿತ. ನೆಲ ಬಾಯಿ ಬಿಟ್ಟಿದ್ದರೆ ಇಳಿದೇ ಹೋಗುತ್ತಿದ್ದ. ಮುಂದಿನ ಸಾಲಿನಿಂದ ಮುದ್ದಯ್ಯನ ದನಿ ಸಣ್ಣಗೆ ಕೇಳಿತು. “ಆಯ್ತು ಕಣವ್ವ, ಓಯ್ತೀನಿ.”

ಮಾರನೇ ದಿನ ಮೊದಲ ಬಸ್ಸಿಗೆ ಚಲುವಯ್ಯನೇ ಅವನನ್ನು ಹತ್ತಿಸಿಕೊಂಡು ಹೋದ. ಆಸ್ಪತ್ರೆಯಲ್ಲಿ ಚೀಟಿ ನೋಡಿದ ಡಾಕ್ಟರಮ್ಮ ರೇಗಿದರು. “ಎರಡು ಸಲ ಯಾಕ್ರೀ ಬರ್ಲಿಲ್ಲ? ಯಾರು ನಿಲ್ಸಿ ಅಂದಿದ್ದು?”

“ತಪ್ಪು ನಂದು ಕಣವ್ವ. ನನ್ ಮಗಳು ಔಷ್ದಿ ಕಂಡಿಡುದವ್ಳೆ ಅಂತ ಸುಳ್ಳೇಳಿದ್ದೆ.”

“ಮತ್ತೆ ಈಗ ಬನ್ನಿ ಅಂದಿದ್ದು ಯಾರು?”

ಚಲುವಯ್ಯ ಎದ್ದು ನಿಂತ. ಇಷ್ಟು ಹೊತ್ತು ಕುಗ್ಗಿದ್ದ ಎದೆ ಉಬ್ಬಿತು.

“ಅವ್ಳೇಯ. ನನ್ ಮಗಳು.”