ಬುಟ್ಟಿಯ ಕೆಳಗಿನ ಹೆಜ್ಜೆ

ಹಸಿ ಸಗಣಿಯ ವಾಸನೆ, ನೆಲ ಇನ್ನೂ ಆರಿಲ್ಲ, ಆಗಲೇ ಆ ಕಾಲುಗಳು ದಾಟುತ್ತಿವೆ, ಬಲಗಾಲು ಪೂರ್ತಿ ಊರುತ್ತದೆ, ಎಡಗಾಲು ಬರೀ ಬೆರಳು, ಬರೀ ಬೆರಳು — ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಮನೆಯವರ ಮುಖಕ್ಕಿಂತ ಪಾದಗಳದ್ದೇ ಹೆಚ್ಚು ಪರಿಚಯ, ನೆಲಕ್ಕೆ ಹತ್ತಿರವೇ ನನ್ನ ಕಣ್ಣು — ರಾಹೇಲ ಕೊಡದ ಕಡೆ ಹೋದಳು, ನನ್ನ ಮಗಳು, ಅವಳ ಹಿಂದೆ ಸಗಣಿಯ ಮೇಲೆ ಐದು ಬೆರಳ ಗುರುತು, ಹಿಮ್ಮಡಿ ಇಲ್ಲ, ಈಗ ಮಾರ್ಥವ್ವ ಬರುತ್ತಾಳೆ, ಬಂದಳು ನನ್ನ ಹೆಂಡತಿ, ಬಗ್ಗಿ ಒಂದೇ ಸಲಕ್ಕೆ ಕೈಯಾಡಿಸಿ ಅಳಿಸಿದಳು, ದಿನಾ ಅಳಿಸುತ್ತಾಳೆ, ಸಾರಿಸಿದ್ದು ಸರಿಯಾಗಿರಲಿಲ್ಲ ಎನ್ನುತ್ತಾಳೆ, ಮೂಲೆಯಲ್ಲಿ ಬುಟ್ಟಿ ಡಬ್ಬು ಹಾಕಿ ಮುಚ್ಚಿಟ್ಟ ಒಂದು ಹೆಜ್ಜೆಯನ್ನು ಮಾತ್ರ ಬಿಟ್ಟು ಸುತ್ತ ಸಾರಿಸುತ್ತಾಳೆ, ಅದೂ ಅದೇ ಎಡಗಾಲಿನದು, ಅದರಲ್ಲಿ ಹಿಮ್ಮಡಿ ಇದೆ, ಅದನ್ನು ನೋಡಲು ಅಸೂಟಿ, ಯಾವಗಲ್ಲು ಊರುಗಳಿಂದ ಜನ ಬಂದರು, ದೇವರಿಗೆ ಸ್ತೋತ್ರ ಎಂದರು, ಅಳಿಸಿ ಹೋದ ಹೆಜ್ಜೆಗಳನ್ನು ಯಾರು ಕೇಳಬೇಕು, ನಾನಾದರೂ ಕೇಳಿದೆನೇ, ನೂಲು ಹರಿಯದ ದಿನ ದೇವರ ಕೃಪೆ ಎಂದೆ, ಹರಿದ ದಿನ ನೂಲೇ ಕೆಟ್ಟದ್ದೆಂದೆ, ಲಾಳಿ ಎಸೆ, ಕೈ ನಿಲ್ಲಿಸಬೇಡ, ಮಾರ್ಥವ್ವ ನೋಡುತ್ತಿದ್ದಾಳೆ.

ನಮ್ಮ ಸೀಮೆಯನ್ನು ಮೈಸೂರಿಗೆ ಸೇರಿಸಿದ ವರ್ಷ ನಮ್ಮ ಸಭೆಗೆ ಬೋಧಕರೊಬ್ಬರು ಬಂದದ್ದು, ಕೂಸಿದ್ದಾಗ ಜ್ವರ ಬಂದು ಕಾಲು ಸೆಟೆದ ರಾಹೇಲಳ ತಲೆಯ ಮೇಲೆ ಕೈಯಿಟ್ಟು ಅವರು ಪ್ರಾರ್ಥಿಸಿದ್ದು, ಸಭೆಯೆಲ್ಲ ಎದ್ದು ನಿಂತಿತ್ತು, ನಾನೂ ನಿಂತಿದ್ದೆ, ನಿಂತವನಿಗೆ ಕಂಡದ್ದು ಅವಳ ಮುಖ, ಆಮೇಲೆ ನೆಲಕ್ಕೆ ಹತ್ತಿದ ಹಿಮ್ಮಡಿ, ನಡುವೆ ಪರಕಾರ, ಪಾದದವರೆಗಿನ ಲಂಗ, ಅದರೊಳಗೆ ಏನಿತ್ತೆಂದು ಯಾರು ನೋಡಿದರು, ನಾನು ಪ್ರಾರ್ಥನೆಯ ಮೊದಲಿನಿಂದಲೂ ಅಳುತ್ತಿದ್ದೆ, ಹಿಮ್ಮಡಿ ಕಂಡ ಮೇಲಂತೂ ಎಲ್ಲರೆದುರು ಕೂಸಿನ ಹಾಗೆ ಅತ್ತೆ, ಆ ಸುಖವನ್ನು ಈಗಲೂ ಮರೆತಿಲ್ಲ — ಮರುದಿನ ಬೆಳಿಗ್ಗೆ ಅವಳು ಕೊಡ ಎತ್ತಲು ಕುಕ್ಕರಿಸಿದಾಗ ಮೂಡಿದ್ದು ಆ ಬುಟ್ಟಿಯ ಕೆಳಗಿನ ಹೆಜ್ಜೆ, ಕುಕ್ಕರಿಸಿದಾಗ, ಇದು ಆಗಲೇ ಹೊಳೆಯಬೇಕಿತ್ತು, ನನಗೆ ಬೇಕಾದದ್ದು ಸಿಕ್ಕಿತ್ತು, ಮುಂದೆ ಯೋಚಿಸಲಿಲ್ಲ. ಸ್ವಾಮಿ ಮುಟ್ಟಿದ ಕಾಲಿಗೆ ಚಾಕು ಹಚ್ಚೂದು ಅಪನಂಬಿಕಿ ಅಂದಳು ಮಾರ್ಥವ್ವ, ದವಾಖಾನೆಯ ಮಾತು ಅಲ್ಲಿಗೆ ಮುಗಿಯಿತು. ಹೋದ ವಾರ ನೂಲು ತರುವ ನೆಪ ಹೇಳಿ ರಾಹೇಲಳನ್ನು ಗದಗಕ್ಕೆ ಕರೆದೊಯ್ದೆ, ಡಾಕ್ಟರರು ಅವಳ ಮೊಣಕಾಲು ಮಡಿಸಿದರು, ಹಿಮ್ಮಡಿ ಸುಲಭವಾಗಿ ಇಳಿಯಿತು, ಮೊಣಕಾಲು ನೆಟ್ಟಗೆ ಮಾಡಿದರು, ಮೇಲೆದ್ದಿತು, ಹಿಂದಿನ ನರ ಬಿಗದೈತ್ರಿ, ಈ ಸುಗ್ಗಿಯೊಳಗ ಕರ್ಕೊಂಡು ಬಂದ್ರ ಕೊಯ್ದು ಸಡ್ಲ ಮಾಡ್ತೀನಿ, ಎಲುಬು ಬಲಿತಂದ್ರ ನನ್ನ ಕೈಯಾಗಿಲ್ಲ ಅಂದರು. ವಾಪಸು ಬರುವ ಬಸ್ಸಿನಲ್ಲಿ ಕೇಳಿದೆ, ಸಭಾದಾಗೂ ಹಿಂಗ ಮಾಡಿದ್ದೇನವ್ವಾ, ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು, ಮೊಣಕಾಲು ಮಣಿಸಿದ್ರ ನೆಲಕ್ಕ ಹತ್ತತೈತೆಪ್ಪಾ, ನೀ ಅಳಾಕ ಹತ್ತಿದ್ದಿ, ಅದಕ್ಕ. ಅದಕ್ಕ, ಅಷ್ಟೇ, ಹೊರಗೆ ಜೋಳದ ಹೊಲ ಹಿಂದೆ ಹೋಗುತ್ತಿತ್ತು, ದೇವರೇ, ಪವಾಡ ನಿನ್ನದಲ್ಲ, ನನಗಾಗಿ ನನ್ನ ಮಗಳು ಮಾಡಿದ್ದು, ಈ ಮಾತನ್ನು ಮಾರ್ಥವ್ವನಿಗೆ ಹೇಳಬೇಕು, ಇವತ್ತು ಹೇಳುತ್ತೇನೆ ಎಂದು ದಿನಾ ಕುಣಿಗೆ ಇಳಿಯುತ್ತೇನೆ, ದಿನಾ ಸುಮ್ಮನೆ ಏಳುತ್ತೇನೆ.

ಬಾಗಿಲಲ್ಲಿ ಬೇರೆ ಪಾದಗಳು, ಧೂಳು ಮೆತ್ತಿದವು, ಬರ್ರಿ ಒಳಗ ಎನ್ನುತ್ತಿದ್ದಾಳೆ ಮಾರ್ಥವ್ವ, ಹೆಸರು ಚೌಡವ್ವ, ಊರು ಸೂಡಿಯಂತೆ, ಕಂಕುಳಲ್ಲಿ ಒಂದು ಕೂಸು, ಕೂಸಿನ ಕಾಲು ಜೋತುಬಿದ್ದಿದೆ, ಅದೇ ಜ್ವರ, ಅದೇ ಕಾಲು — ಮಾರ್ಥವ್ವ ಬುಟ್ಟಿ ಎತ್ತಿ ತೋರಿಸುತ್ತಿದ್ದಾಳೆ, ಚೌಡವ್ವ ಆ ಹೆಜ್ಜೆಯನ್ನು ನೋಡುತ್ತಿಲ್ಲ, ನನ್ನ ಕಡೆ ತಿರುಗಿದ್ದಾಳೆ, ಇದು ಖರೇನೇನ್ರಿ ಅಣ್ಣಾರ, ನೀವು ಹೂಂ ಅಂದ್ರ ನಾ ದವಾಖಾನಿ ಬಿಡಿಸಿಬಿಡ್ತೀನ್ರಿ. ಈಗ ಹೇಳು, ಇದೇ ಸಮಯ, ಸುಳ್ಳವ್ವಾ ಅನ್ನು, ಒಂದೇ ಮಾತು, ಈ ಕೂಸಿನ ಕಾಲೂ ಉಳಿಯುತ್ತದೆ, ರಾಹೇಲಳೂ ನಾಳೆಯ ಬಸ್ಸು ಹತ್ತುತ್ತಾಳೆ, ಮಾರ್ಥವ್ವ ಅತ್ತರೆ ಅಳಲಿ, ಬಾಯಿ ತೆರೆ — ತೆರೆದೆ, ಮಾತಿಗಿಂತ ಮೊದಲು ಕಣ್ಣು ತುಂಬಿತು, ಹಾಳಾದ ಕಣ್ಣು, ಈಗಲೇ ತುಂಬಬೇಕೇ, ಕೊಡದ ಹತ್ತಿರ ನಿಂತ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಅಪ್ಪ ಅಳುತ್ತಾನೆಂದು ನೋಡುತ್ತಿದ್ದಾಳೆ, ಬೇಡ ರಾಹೇಲ, ಬೇಡವ್ವಾ — ಮೇಲಿದ್ದವರಿಗೆ ಕಾಣದ್ದು ಕುಣಿಯಲ್ಲಿದ್ದವನಿಗೆ ಕಾಣುತ್ತದೆ, ಪರಕಾರದ ಅಂಚು ಮೆಲ್ಲಗೆ ಕೆಳಗೆ ಬಂದು ಹಸಿ ಸಗಣಿಯನ್ನು ಮುಟ್ಟಿತು, ಒಳಗೆ ಮೊಣಕಾಲು ಮಣಿಯುತ್ತಿದೆ, ನೋಡ್ರಿ, ನೋಡ್ರಿ ಎನ್ನುತ್ತಿದ್ದಾಳೆ ಮಾರ್ಥವ್ವ, ಚೌಡವ್ವ ಕೈ ಮುಗಿಯುತ್ತಿದ್ದಾಳೆ, ಮೊದಲು ಬೆರಳು, ಆಮೇಲೆ ಅಂಗಾಲು, ಆಮೇಲೆ ಹಿಮ್ಮಡಿ, ಹಿಮ್ಮಡಿ ಇಳಿಯುತ್ತಿದೆ, ಹಿಮ್ಮಡಿ —