ಮೂರ್ತಪ್ಪನ ಬಲಗಣ್ಣಿನ ಬಾಯಿಪಾಠ

ಪಿಯುಸಿ ರಿಸಲ್ಟ್ ಬಂದ ಮೇಲೆ ಒಂದು ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬಂದವರೆಲ್ಲ ಕಾಫಿ ಕುಡಿದು, ಮಗುವಿಗೆ ಒಂದೊಂದು ಬಿಟ್ಟಿ ಸಲಹೆ ಕೊಟ್ಟು ಹೋಗುತ್ತಾರೆ. ಭದ್ರಾವತಿ ಓಲ್ಡ್ ಟೌನಿನ ಮೂರ್ತಪ್ಪನ ಮನೆಯಲ್ಲೂ ಅದೇ ಆಗಿತ್ತು. ಮಗಳು ಲಿಖಿತಾ ವಿಜ್ಞಾನ ವಿಭಾಗದಲ್ಲಿ ಫಸ್ಟ್ ಕ್ಲಾಸ್. ಒಬ್ಬರು ಟೀಚರ್ ಆಗಲಿ ಎಂದರು, ಇನ್ನೊಬ್ಬರು ಬ್ಯಾಂಕ್ ಪರೀಕ್ಷೆ ಕಟ್ಟಲಿ ಎಂದರು. ಲಿಖಿತಾ ಮಾತ್ರ ಯಾರೂ ಹೇಳದ ಹೆಸರೊಂದನ್ನು ಹಿಡಿದು ಕೂತಿದ್ದಳು. ಆಪ್ಟೋಮೆಟ್ರಿ.

“ಅದೇನೇ ಅದು?” ಎಂದು ಕೇಳಿದ ಮೂರ್ತಪ್ಪ, ಅನ್ನಕ್ಕೆ ಸಾರು ಕಲಸುತ್ತ.

“ಕಣ್ಣು ಪರೀಕ್ಷೆ ಮಾಡೋದಪ್ಪ. ಕನ್ನಡಕದ ನಂಬರ್ ಕಂಡುಹಿಡಿಯೋದು, ಕಾಯಿಲೆ ಲಕ್ಷಣ ಕಂಡ್ರೆ ಬೇಗ ಡಾಕ್ಟ್ರ ಹತ್ರ ಕಳಿಸೋದು. ನಾಲ್ಕು ವರ್ಷದ ಓದು.”

ಮೂರ್ತಪ್ಪನಿಗೆ ನಗು ತಡೆಯಲಾಗಲಿಲ್ಲ. “ಗೋಡೆ ಮೇಲಿನ ಅಕ್ಷರ ಓದಿಸೋಕೆ ನಾಲ್ಕು ವರ್ಷನಾ? ನಾನು ಕಣ್ಣು ಮುಚ್ಚಿ ಹೇಳ್ತೀನಿ, ಕೇಳು. ಇ. ಎಫ್, ಪಿ. ಟಿ, ಓ, ಝಡ್. ಎಲ್, ಪಿ, ಇ, ಡಿ.” ನಿಜವಾಗಿಯೂ ಕಣ್ಣು ಮುಚ್ಚಿಯೇ ಹೇಳಿದ.

ಇದು ಅವನ ಮಂತ್ರ. ಇಪ್ಪತ್ತಾರು ವರ್ಷದಿಂದ ಖಾಸಗಿ ಬಸ್ಸಿನ ಡ್ರೈವರ್ ಅವನು. ಬೆಳಗ್ಗೆ ಶಂಕರಘಟ್ಟದ ಯೂನಿವರ್ಸಿಟಿಗೆ ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತಾನೆ, ಸಂಜೆ ಕರೆತರುತ್ತಾನೆ. ಲೈಸೆನ್ಸಿಗೆ ಕಣ್ಣಿನ ಸರ್ಟಿಫಿಕೇಟ್ ಬೇಕಾದಾಗಲೆಲ್ಲ ಇದೇ ಪಾಠ ಒಪ್ಪಿಸಿ ಪಾಸಾಗಿದ್ದ. ಕಲಿಸಿದವನು ಹಿರಿಯ ಡ್ರೈವರ್ ಸುಬ್ಬಪ್ಪ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು.

“ನಂದು ಹದ್ದಿನ ಕಣ್ಣು” ಎಂದ ಮೂರ್ತಪ್ಪ.

“ಹೌದೌದು” ಎಂದಳು ಹೆಂಡತಿ ಜಲಜಮ್ಮ. “ಹದ್ದಿನ ಕಣ್ಣಿಗೆ ಪೆಟ್ರೋಲ್ ಬಂಕಿನ ಕಂಬ ಕಾಣ್ಲಿಲ್ಲ. ಒಂದೇ ತಿಂಗಳಲ್ಲಿ ಬಸ್ಸಿನ ಬಲಗಡೆ ಎರಡು ಸಲ ಗೀರು ಬಿತ್ತು.”

“ಕಂಬ ನೆಟ್ಟಿದ್ದೇ ಅಡ್ಡಾದಿಡ್ಡಿ, ಮಾರಾಯ್ತಿ.”

ಲಿಖಿತಾಳಿಗೆ ಇದ್ಯಾವುದೂ ತಮಾಷೆಯಾಗಿ ಕಾಣಲಿಲ್ಲ. ಅರ್ಜಿ ಕೊಡಲು ಶನಿವಾರ ಕೊನೇ ದಿನ. ಅಪ್ಪನ ಸಹಿ ಬೀಳದಿದ್ದರೆ ಈ ವರ್ಷ ಕೈತಪ್ಪಿದ ಹಾಗೆಯೇ. ಅವಳು ಒಂದು ಪಂದ್ಯ ಕಟ್ಟಿದಳು. “ಅಪ್ಪ, ಶಿವಮೊಗ್ಗಕ್ಕೆ ಒಂದು ಸಲ ಬಾ. ವಿನೋಬನಗರದ ಕ್ಲಿನಿಕ್ಕಲ್ಲಿ ರಕ್ಷಾ ಅಕ್ಕ ಏನು ಮಾಡ್ತಾಳೆ ನೋಡು. ನೋಡಿದ್ಮೇಲೂ ಬೇಡ ಅಂದ್ರೆ ಇನ್ನು ಕೇಳಲ್ಲ.”

ರಕ್ಷಾ ಅವರ ಬೀದಿಯ ಮುರುಗೇಶಪ್ಪನ ಮಗಳು. ಆಪ್ಟೋಮೆಟ್ರಿ ಓದಿ ಮೂರು ವರ್ಷದಿಂದ ಅಲ್ಲಿ ಕೆಲಸದಲ್ಲಿದ್ದಳು. ಮೂರ್ತಪ್ಪ ಒಪ್ಪಿದ. ಗೆದ್ದೇಬಿಟ್ಟೆ ಎಂಬ ಧೈರ್ಯ ಅವನಿಗೆ.

ಶುಕ್ರವಾರ ಮಧ್ಯಾಹ್ನ ಅಪ್ಪ ಮಗಳು ಕ್ಲಿನಿಕ್ ತಲುಪಿದರು. ರಕ್ಷಾ ಕುರ್ಚಿ ತೋರಿಸಿದಳು.

“ಕೂತ್ಕೊಳ್ಳಿ ಮಾಮ. ಬೇರೆಯವರ ಕಣ್ಣು ನೋಡೋದು ಯಾಕೆ, ನಿಮ್ಮದೇ ನೋಡೋಣ. ದೂರದ್ದು ಚೆನ್ನಾಗಿ ಕಾಣುತ್ತಾ?”

“ಕಾಣದೆ ಏನು? ಬೇರೆ ಯಾರಾದ್ರೂ ಏನಾದ್ರೂ ಹೇಳಿದ್ರಾ?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ಮೂರ್ತಪ್ಪನ ಕಥೆ.

ರಕ್ಷಾ ನಕ್ಕು ಗುಂಡಿ ಒತ್ತಿದಳು. ಎದುರು ಗೋಡೆಯ ಪರದೆಯಲ್ಲಿ ಅಕ್ಷರ ಮೂಡಿದವು. ಮೊದಲು ಬಲಗಣ್ಣು ಮುಚ್ಚಿಸಿ ಎಡಗಣ್ಣಲ್ಲಿ ಓದಿಸಿದಳು. ಅದೇ ಹಳೇ ಮಂತ್ರ. ಮೂರ್ತಪ್ಪ ಗಡಗಡನೆ ಒಪ್ಪಿಸಿ ಮಗಳ ಕಡೆ ನೋಡಿ ಮೀಸೆ ತಿರುವಿದ.

“ಈಗ ಎಡಗಣ್ಣು ಮುಚ್ಚಿ. ಬಲಗಣ್ಣಲ್ಲಿ ಹೇಳಿ ಮಾಮ.”

ಪರದೆಯ ಮೇಲೆ ನಾಲ್ಕು ಮಸುಕು ಚುಕ್ಕೆ ಕಂಡವು. ಅದಕ್ಕೆಲ್ಲ ಹೆದರುವ ಆಸಾಮಿಯೇ ಅವನು? “ಎಲ್, ಪಿ, ಇ, ಡಿ” ಎಂದ ಗಟ್ಟಿಯಾಗಿ.

ಲಿಖಿತಾ ತಲೆ ತಗ್ಗಿಸಿದಳು.

“ಮಾಮ” ಎಂದಳು ರಕ್ಷಾ ಮೆಲ್ಲಗೆ, “ಪಟ್ಟಿ ಬದಲಾಯಿಸಿದೀನಿ. ಈಗ ಅಲ್ಲಿರೋದು ಕನ್ನಡ ಅಕ್ಷರ.”

ಮಗಳ ಎದುರಿಗೇ ಸಿಕ್ಕಿಬಿದ್ದ ನಾಚಿಕೆಗೆ ಮೂರ್ತಪ್ಪನ ಕಿವಿಯೆಲ್ಲ ಬಿಸಿಯಾಯಿತು. ಸತ್ಯ ತಾನಾಗಿಯೇ ಹೊರಬಂತು. “ಎರಡು ವರ್ಷದಿಂದ ಬಲಗಡೆ ಮಂಜು ಮಂಜು, ತಾಯಿ. ಕನ್ನಡಕ ಅಂದ್ರೆ ಮಾಲೀಕರು ಸ್ಟೇರಿಂಗ್ ಬಿಡಿಸ್ತಾರೆ ಅಂತ ಹೆದರಿಕೆ.”

“ಕನ್ನಡಕ ಹಾಕ್ಕೊಂಡು ಎಷ್ಟೋ ಜನ ಬಸ್ ಓಡಿಸ್ತಾರೆ. ಬೇಕಾಗಿದ್ದೂ ಹಾಕದೆ ಓಡಿಸೋದೇ ತಪ್ಪು. ಇದರೊಳಗೆ ನೋಡಿ.”

ಒಂದು ಕಪ್ಪು ಬಿಲ್ಲೆ. ನಡುವೆ ಸೂಜಿಯಷ್ಟು ತೂತು. ಅದರೊಳಗಿಂದ ನೋಡಿದ ಮೂರ್ತಪ್ಪ ತಡೆದು ತಡೆದು ಓದಿದ. “ಗ... ಮ... ನ... ಅರೆ, ಕಾಣ್ತಿದೆ ಮಾರಾಯ್ತಿ.”

“ತೂತಿನೊಳಗೆ ಸ್ಪಷ್ಟ ಆಯ್ತು ಅಂದ್ರೆ ಕನ್ನಡಕದಲ್ಲೇ ಸರಿಹೋಗೋ ಸಾಧ್ಯತೆ ಹೆಚ್ಚು. ಆಗದೇ ಇದ್ರೆ ಪೊರೆನೋ, ನರದ ತೊಂದರೆನೋ, ಬೇರೆ ಏನೋ ಅಂತ ಹುಡುಕಬೇಕು. ಹೇಗಿದ್ರೂ ಇವತ್ತು ಡಾಕ್ಟ್ರು ನಿಮ್ಮ ಕಣ್ಣಿನ ಒಳಗೂ ಒಂದು ಸಲ ನೋಡ್ತಾರೆ.”

ಆಮೇಲೆ ದೀಪ ಆರಿಸಿದಳು. ಕೈಯಲ್ಲಿದ್ದ ಸಣ್ಣ ಉಪಕರಣದಿಂದ ಬೆಳಕಿನ ಗೆರೆಯೊಂದನ್ನು ಅವನ ಕಣ್ಣಿನ ಮೇಲೆ ಆಡಿಸಿದಳು. ಒಂದೊಂದೇ ಗಾಜು ಹಿಡಿದಳು, ಬದಲಾಯಿಸಿದಳು, ಮತ್ತೆ ಹಿಡಿದಳು. ಏನೂ ಕೇಳಲಿಲ್ಲ, ಏನೂ ಓದಿಸಲಿಲ್ಲ.

“ಕಣ್ಣಿನೊಳಗಿಂದ ಬೆಳಕು ವಾಪಸ್ ಬರುತ್ತೆ ಮಾಮ. ಅದು ಯಾವ ಕಡೆ ಓಡುತ್ತೆ ಅನ್ನೋದರ ಮೇಲೆ ನಂಬರ್ ತಿಳಿಯುತ್ತೆ. ಮಾತು ಬರದ ಕೂಸಿಗೂ ಹೀಗೇ ನೋಡೋದು. ಬಾಯಿಪಾಠ ಇದರ ಮುಂದೆ ನಡೆಯಲ್ಲ. ಲಿಖಿತಾ, ನೀನೂ ಬಾ, ನೋಡು.”

ಲಿಖಿತಾ ಬಗ್ಗಿ ನೋಡಿದಳು. ಅಪ್ಪನ ಕಣ್ಣಿನೊಳಗೆ ಕಿತ್ತಳೆ ಬಣ್ಣದ ಬೆಳಕು ಅತ್ತಿಂದಿತ್ತ ಸರಿದಾಡುತ್ತಿತ್ತು. ರಕ್ಷಾ ಸರಿಯಾದ ಗಾಜು ಇಟ್ಟ ಕೂಡಲೇ ಓಡಾಟ ನಿಂತು ಇಡೀ ಪಾಪೆ ಬೆಳಗಿತು. “ನಿಂತ್ಹೋಯ್ತು ಅಕ್ಕ, ನಿಂತ್ಹೋಯ್ತು” ಎಂದು ಅವಳು ಕುಣಿದೇಬಿಟ್ಟಳು. ಮಗಳು ಇಷ್ಟು ಖುಷಿಪಟ್ಟದ್ದನ್ನು ಮೂರ್ತಪ್ಪ ಈಚೆಗೆ ನೋಡಿರಲಿಲ್ಲ.

ಪರೀಕ್ಷೆಯ ಚೌಕಟ್ಟಿಗೆ ಗಾಜು ಸೇರಿಸಿ ರಕ್ಷಾ ಅವನನ್ನು ಬಾಗಿಲ ಬಳಿಗೆ ಕರೆದುಕೊಂಡು ಹೋದಳು. ಎಡಗಣ್ಣು ಮುಚ್ಚಿ ರಸ್ತೆಯ ಆಚೆ ನೋಡಿದ. ಬಸ್ಸೊಂದು ಬಂತು, ಬೋರ್ಡು ಕಂಡಿತು. ಸ್ಕೂಟರಿನ ಹಿಂದೆ ಕೂತ ಮಗುವಿನ ಚಪ್ಪಲಿಯ ಬಣ್ಣ ಕೂಡ ಕಂಡಿತು. ಇಷ್ಟು ದಿನ ಬಲಗಡೆಯಿಂದ ಇಂಥ ಎಷ್ಟು ಸ್ಕೂಟರ್ ದಾಟಿಹೋದವೋ ಎಂದುಕೊಂಡ. ಯಾರನ್ನಾದರೂ ಕೊಂದುಬಿಡುತ್ತಿದ್ದೆನಲ್ಲ ಎಂದು ಬೆವತ.

ಒಳಗೆ ಬಂದು ಕೂತವನು ಕೇಳಿದ. “ಇದನ್ನ ಓದಿದ್ರೆ ಕೆಲಸ ಎಲ್ಲಿ ಸಿಗುತ್ತೆ ತಾಯಿ?”

“ಕಣ್ಣಿನ ಆಸ್ಪತ್ರೆ, ಕ್ಲಿನಿಕ್ಕು, ಕನ್ನಡಕದ ಅಂಗಡಿ, ಶಾಲೆ ಮಕ್ಕಳ ತಪಾಸಣೆ ಕ್ಯಾಂಪು. ಮುಂದೆ ಓದಿದ್ರೆ ಕಾಲೇಜಲ್ಲಿ ಪಾಠನೂ ಮಾಡಬಹುದು. ನಾಲ್ಕು ವರ್ಷ ಆಗಲ್ಲ ಅನ್ನೋರಿಗೆ ಡಿಪ್ಲೊಮಾ ಇದೆ. ಆಪರೇಷನ್ ಮಾಡೋ ಡಾಕ್ಟ್ರು ಆಗಬೇಕಂದ್ರೆ ಮಾತ್ರ ಎಂಬಿಬಿಎಸ್ ದಾರಿ, ಅದು ಬೇರೆ.”

“ಅರ್ಜಿ ಎಲ್ಲಿ, ಕೊಡೇ.”

ಲಿಖಿತಾ ಬ್ಯಾಗಿನಿಂದ ಹಾಳೆ ತೆಗೆದಳು. ಅದನ್ನು ಹಿಡಿದ ಮೂರ್ತಪ್ಪ ಮುಖ ಸಿಂಡರಿಸಿದ. ದೂರದ ಬಸ್ಸು ಕಂಡಿತ್ತು, ಕೈಯಲ್ಲಿನ ಅಕ್ಷರ ಕಾಣಲಿಲ್ಲ. ಮನೆಗೆ ಬಂದ ಕಾಗದಗಳನ್ನು ಈವರೆಗೆ ಜಲಜಮ್ಮ ಓದುತ್ತಿದ್ದಳು, ಇವನು ಬೆರಳಿಟ್ಟ ಕಡೆ ಸಹಿ ಹಾಕುತ್ತಿದ್ದ.

“ನಲವತ್ತು ದಾಟಿದ್ಮೇಲೆ ಹತ್ತಿರದ್ದು ಮಸುಕಾಗೋದು ಸಹಜ ಮಾಮ” ಎಂದು ರಕ್ಷಾ ಚೌಕಟ್ಟಿಗೆ ಇನ್ನೆರಡು ಗಾಜು ಇಳಿಸಿದಳು. ಮೂರ್ತಪ್ಪ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದ. ಮಗಳ ಹೆಸರು ಓದಿದ. ಆಪ್ಟೋಮೆಟ್ರಿ ಎಂಬುದನ್ನು ಎರಡು ಸಲ ಓದಿದ. ಆಮೇಲೆ ಯಾರೂ ತೋರಿಸದೆ, ಸಹಿಯ ಜಾಗ ತಾನೇ ಹುಡುಕಿ ಸಹಿ ಹಾಕಿದ.

ಡಾಕ್ಟರೂ ಕಣ್ಣಿನ ಒಳಗೆ ನೋಡಿ ಬೇರೆ ತೊಂದರೆ ಇಲ್ಲ ಎಂದರು. ಕನ್ನಡಕ ಬರುವವರೆಗೆ ಮೂರ್ತಪ್ಪ ಬಸ್ ಮುಟ್ಟಲಿಲ್ಲ. ಮಾಲೀಕರೂ ಸ್ಟೇರಿಂಗ್ ಬಿಡಿಸಲಿಲ್ಲ. ಮುಂದಿನ ವಾರ ಕನ್ನಡಕ ಏರಿಸಿ ಟೀ ಅಂಗಡಿಗೆ ಹೋದಾಗ ಸುಬ್ಬಪ್ಪ ಹೊಸ ಡ್ರೈವರ್ ಒಬ್ಬನಿಗೆ “ಇ. ಎಫ್, ಪಿ” ಎಂದು ಹೇಳಿಕೊಡುತ್ತಿದ್ದ. ಮೂರ್ತಪ್ಪ ಗ್ಲಾಸ್ ಕೆಳಗಿಟ್ಟು ಸುಬ್ಬಪ್ಪನ ತೋಳು ಹಿಡಿದ. “ಏಳು ಸುಬ್ಬಣ್ಣ, ಕಣ್ಣು ತೋರಿಸೋಕೆ ನಡಿ. ಟೀ ಆಮೇಲೆ ಕುಡಿಯೋಣ. ಇನ್ನು ನಾಲ್ಕು ವರ್ಷಕ್ಕೆ ನನ್ನ ಮಗಳೇ ನೋಡ್ತಾಳೆ, ಅಲ್ಲೀವರೆಗೆ ರಕ್ಷಾ ನೋಡ್ಲಿ.”

ಓದುತ್ತಿರುವವರೇ, ಈಗಲೇ ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು ದೂರದ ಬೋರ್ಡ್ ಓದಿ. ಆಮೇಲೆ ಇನ್ನೊಂದು ಕಣ್ಣಲ್ಲಿ ಓದಿ. ವ್ಯತ್ಯಾಸ ಕಂಡರೆ ತಡಮಾಡದೆ ಕಣ್ಣು ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಂತೂ ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ತೋರಿಸಲೇಬೇಕು. ನಿಮ್ಮ ಮನೆಯಲ್ಲಿ ವಿಜ್ಞಾನ ಓದಿದ ಮಗ, ಮಗಳು ಇದ್ದರೆ ಈ ಓದಿನ ಬಗ್ಗೆಯೂ ಒಂದು ಮಾತು ತಿಳಿಸಿ. ಸೇರುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ, ಈ ವರ್ಷದ ಪ್ರವೇಶ ನಿಯಮ ಏನು ಎಂದು ವಿಚಾರಿಸಿಕೊಳ್ಳಿ. ಬಾಯಿಪಾಠ ಮಾಡುವುದಿದ್ದರೆ ಮಗ್ಗಿ ಮಾಡಿ, ಕಣ್ಣಿನ ಪಟ್ಟಿ ಬೇಡ.