ತವರಿನ ಹಿಟ್ಟು

ಹುರುಳಿ ಬೇಯುವ ವಾಸನೆಯಲ್ಲಿ ಮಣ್ಣಿನದೂ ಒಂದು ಪಾಲಿರುತ್ತದೆ. ನಾನು ಹುಟ್ಟಿ ಬೆಳೆದ, ಮಡಕಶಿರಾ ಕಡೆಯ ರೊಳ್ಳದ ಮನೆಯಲ್ಲಿ ಅದಕ್ಕೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯೂ ಸೇರುತ್ತಿತ್ತು. ಅಡುಗೆಮನೆಯ ಗೋಡೆಯಾಚೆಗೇ ರೇಷ್ಮೆ ಹುಳು ಸಾಕುವ ತಟ್ಟೆಗಳಿದ್ದವು. ಮೊದಲ ಅಲೆಯಲ್ಲಿ ನನಗೆ ಕೊರೊನಾ ಬಂದಾಗ ನನ್ನ ಮೂಗಿನ ಶಕ್ತಿ ಹೋಯಿತು. ಜ್ವರ ಬಿಟ್ಟರೂ ಅದು ಮರಳಲಿಲ್ಲ. ಈ ಒಂದು ವಾಸನೆ ಮಾತ್ರ ಹೇಗೋ ನೆನಪಿನಲ್ಲಿ ಉಳಿದುಕೊಂಡಿತ್ತು.

ಮರುವರ್ಷ, ಎರಡನೇ ಅಲೆಯ ಮೇ ತಿಂಗಳು. ಅನಂತಪುರ ಜಿಲ್ಲೆಯ ರಾಯದುರ್ಗದ ನಮ್ಮ ಬೀದಿಯ ಕಲ್ಯಾಣ ಮಂಟಪದಲ್ಲಿ ಮದುವೆಗಳು ನಿಂತಿದ್ದವು. ಅಲ್ಲಿಯ ದೊಡ್ಡ ಒಲೆಗಳ ಮೇಲೆ, ರೋಗ ಹೊಕ್ಕ ಮನೆಗಳಿಗೆ ನಾವು ಕೆಲವರು ಅಡುಗೆ ಮಾಡುತ್ತಿದ್ದೆವು. ಮಧ್ಯಾಹ್ನ ಹನ್ನೆರಡಕ್ಕೆ ಕರ್ಫ್ಯೂ. ಅಷ್ಟರೊಳಗೆ ಎಲ್ಲರಿಗೂ ಊಟ ಮುಟ್ಟಬೇಕು. ಬೆಳಗಿನ ಐದಕ್ಕೆ ಎದ್ದು ಬಂದರೆ ಹತ್ತರ ಹೊತ್ತಿಗೆ ಮೊಣಕಾಲುಗಳು ನನ್ನವಲ್ಲ ಅನ್ನಿಸುತ್ತಿತ್ತು. ಬೇಸತ್ತೆವು ಎಂದು ಹೇಳುವುದಕ್ಕೂ ಯಾರಿಗೂ ಬಿಡುವಿರಲಿಲ್ಲ.

ಪೊಟ್ಟಣಗಳನ್ನು ಹಂಚುತ್ತಿದ್ದವನು ಆಟೋ ಓಡಿಸುವ ರಾಮಾಂಜಿ. ಸಾವಾದ ಮನೆ ಹತ್ತಿರ ಬಂದರೆ ಎಂಜಿನ್ ಆರಿಸಿ, ಇಳಿದು, ಆಟೋವನ್ನು ತಳ್ಳಿಕೊಂಡೇ ಹೋಗುತ್ತಿದ್ದ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ಗುರುವಾರ ಅವನು ಬೇಗ ವಾಪಸು ಬಂದ. "ಟೀಚರಮ್ಮ, ಜೀನ್ಸ್ ಹರೀಶಣ್ಣನ ಮನಿಯಾಕಿ ಇವತ್ತೂ ಊಟ ಮುಟ್ಟಿಲ್ರಿ. ನಾವ್ ಮಾಡಿದ್ದು ನಾಯಿಗೆ ಪಾಲು."

ಹರೀಶ್ ಮನೆಯಲ್ಲೇ ಜೀನ್ಸ್ ಹೊಲಿಸುತ್ತಿದ್ದವನು. ಸೋಮವಾರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಹೆಂಡತಿ ಚಂದ್ರಕಲಾ ಮನೆಯಲ್ಲಿ ಒಬ್ಬಳೇ, ಅವಳಿಗೂ ಕಾಯಿಲೆ. ಬರಿ ಹೊಟ್ಟೆಗೆ ನುಂಗಿದ ಮಾತ್ರೆಗಳು ವಾಂತಿಯಾಗಿ ಹೋಗುತ್ತಿವೆ, ಇವತ್ತೂ ಉಣ್ಣದಿದ್ದರೆ ಅನಂತಪುರಕ್ಕೆ ಸಾಗಿಸಬೇಕು, ಅಲ್ಲಿ ಬೆಡ್ ಸಿಗುವ ನಂಬಿಕೆಯಿಲ್ಲ ಎಂದು ಆಶಾ ಕಾರ್ಯಕರ್ತೆ ಮಂಜುಳ ಬೆಳಿಗ್ಗೆಯೇ ಹೇಳಿ ಹೋಗಿದ್ದಳು. ಅನ್ನ ಸೇರುತ್ತಿಲ್ಲವೇನೋ ಎಂದು ನಾನು ಒಂದು ದಿನ ರೊಟ್ಟಿ ಕಳಿಸಿದ್ದೆ, ಇನ್ನೊಂದು ದಿನ ಮೊಸರನ್ನ.

"ಏನರ ಅಂದಳೇನೋ?"

"ಹಿಟ್ಟು, ಹಿಟ್ಟು ಅಂತಾಳ್ರಿ. ಅದಕ ನಿನ್ನೆ ಎರಡು ಕೇಜಿ ಜೋಳದ ಹಿಟ್ಟು ಕೊಟ್ಟು ಬಂದೆ. ಇವತ್ತು ನೋಡಿದ್ರ ಚೀಲ ಹಂಗ ಗೇಟಿಗೆ ನೇತಾಡಾಕ ಹತ್ತೈತಿ. ಗೋದಿ ಹಿಟ್ಟು ಒಯ್ಯಬೇಕಿತ್ತೇನ್ರಿ?"

"ಯಾವೂರಾಕಿ ಆಕಿ?"

"ಮಡಕಶಿರಾ ಕಡಿಯಾಕಿ. ನಿಮ್ಮಂಗ."

ಸೌಟು ಕೆಳಗಿಟ್ಟೆ. ರಾಯದುರ್ಗದಲ್ಲಿ ಹಿಟ್ಟೆಂದರೆ ಬೀಸಿದ ಪುಡಿ. ನಮ್ಮ ಕಡೆ ಹಿಟ್ಟೆಂದರೆ ರಾಗಿ ಮುದ್ದೆ, ಊಟ. ಮದುವೆಯಾಗಿ ಇಲ್ಲಿಗೆ ಬಂದು ನಲವತ್ತೆಂಟು ವರ್ಷ, ನನಗೇ ಅದು ಮರೆತುಹೋಗಿತ್ತು. ಗಂಡನನ್ನು ಕಳೆದುಕೊಂಡವಳು ಮೊದಲ ತುತ್ತನ್ನು ತವರಿನವರ ಕೈಯಿಂದಲೇ ಉಣ್ಣಬೇಕೆಂಬುದೂ ನಮ್ಮ ಕಡೆಯ ಪದ್ಧತಿ. ಅವಳು ಕೇಳಿದ್ದು ತವರಿನ ಹಿಟ್ಟು.

ರಾಮಾಂಜಿಯ ಆಟೋ ಹತ್ತಿ ಹೋದೆ. ಚಂದ್ರಕಲಾ ಕಿಟಕಿಗೆ ಬಂದಳು. ಅವಳ ಬೆನ್ನ ಹಿಂದೆ ಹೊಲಿಗೆ ಯಂತ್ರಗಳು. ಒಂದರ ಸೂಜಿಯ ಕೆಳಗೆ ಅರ್ಧ ಹೊಲಿದ ನೀಲಿ ಬಟ್ಟೆ ಹಾಗೇ ಸಿಕ್ಕಿಕೊಂಡಿತ್ತು.

"ಯಾವೂರವ್ವ ನಿಂದು?" ಎಂದೆ, ನಮ್ಮೂರ ಮಾತಿನಲ್ಲಿ.

ಅವಳು ತಲೆಯೆತ್ತಿದಳು. "ರತ್ನಗಿರಿ ಕಣಕ್ಕ."

"ನಾನು ರೊಳ್ಳದೋಳು. ಉಣ್ಣದೆ ಹಿಂಗೆ ಕುಂತ್ರೆ ಹೆಂಗವ್ವ?"

"ಹಾಲು ಕುಡೀತಿವ್ನಿ. ಅವ್ರ ಮಕ ನೋಡ್ಲಿಲ್ಲ. ಹಿಡಿ ಮಣ್ಣು ಹಾಕ್ಲಿಲ್ಲ. ಇಬೂತಿ ಇಕ್ಕಿದ್ರೋ ಇಲ್ವೋ ಅದೂ ಗೊತ್ತಿಲ್ಲ. ಫೋನ್‌ನಾಗೆ ಗುಂಡಿ ತೋರಿಸಿದ್ರು ಅಷ್ಟೆ." ಉಸಿರಿಗಾಗಿ ನಿಂತಳು. "ಆಗಬೇಕಾದ್ದರಾಗೆ ಉಳಿದಿರೋದು ಈ ತವರಿನ ಹಿಟ್ಟೊಂದೇ ಕಣಕ್ಕ. ಇದನ್ನೂ ಬಿಟ್ರೆ ಯಾರೋ ದಾರೀಲಿ ಹೋಗೋರು ಸತ್ತಂಗಾಗ್ತೈತೆ."

ಅವಳ ಅಣ್ಣ ಶಿವಶಂಕರನಿಗೆ ಫೋನು ಮಾಡಿಸಿ, ರೊಳ್ಳದವಳು, ಇಲ್ಲಿ ಟೀಚರಾಗಿದ್ದವಳು ಎಂದು ಹೇಳಿಕೊಂಡೆ. ಸ್ಪೀಕರಿನಲ್ಲಿ ಮೊದಲು ಬಂದದ್ದು ಅವನ ಕೆಮ್ಮು.

"ಒಂದೇ ಜಿಲ್ಲೆ ಅನ್ನೋದು ಹೆಸ್ರಿಗೆ ಟೀಚರಮ್ಮ, ದಾರಿ ಕರ್ನಾಟಕದಾಗೆ ತೂರಿ ಬರ್ತೈತೆ. ಪಾವಗಡದತ್ರ ಪೋಲೀಸ್ರು ವಾಪಸ್ ಕಳಿಸಿದ್ರು. ಹಿಟ್ಟು ಕಟ್ಕೊಂಡು ಹೊಂಟಿದ್ದೆ, ಗಾಡಿ ಮ್ಯಾಲೇ ಆರೋತು. ಈಗ ನಂಗೂ ಜ್ವರ."

"ನಾನು ಇಕ್ಕಿದ್ರೆ ಆಗ್ತೈತೇನಪ್ಪ?"

ಈಗ ಯಾರ ಪೈಕಿ ಎಂದು ಕೇಳುತ್ತಾನೆ ಅಂದುಕೊಂಡೆ. ನಾವು ಅವರ ಜನವಲ್ಲ, ಕೇಳಿದ್ದರೆ ಹೇಳಲೇಬೇಕಾಗಿತ್ತು.

"ರೊಳ್ಳದಾಗೆ ಯಾವ ಬೀದಿ ನಿಮ್ದು?" ಎಂದ.

"ಕೆರೆ ಬೀದಿ."

"ನಮ್ಮಜ್ಜಿ ಸೊಪ್ಪು ಹೊತ್ಕೊಂಡು ಆ ಬೀದೀಗೇ ಬರ್ತಿದ್ಲು. ನೀರು ಮಜ್ಜಿಗೆ ಎಲ್ಲಾ ಅಲ್ಲೇ ಕುಡ್ದವ್ಳೆ." ಮತ್ತೆ ಕೆಮ್ಮಿದ. "ನಮ್ಮನೆ ಹಿರೇ ಹೆಣ್ಮಗ್ಳು ಅನ್ಕೊಂಡು ನೀವೇ ಇಕ್ಕಿ. ಚಂದ್ರಿ, ಕೇಳಿಸ್ತೇನವ್ವ? ಅಕ್ಕ ತರ್ತಾಳೆ, ಉಣ್ಣು."

ಚಂದ್ರಕಲಾ ಕಿಟಕಿಯ ಸರಳಿಗೆ ಹಣೆ ಆನಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಉರ್ಲಿ ಸಾರಾ?"

"ಉರ್ಲಿ ಸಾರೇ."

ಮಂಟಪಕ್ಕೆ ಮರಳಿ ಕುಕ್ಕರಿಗೆ ಹುರುಳಿ ಹಾಕಿದೆ. ರಾಗಿ ಹಿಟ್ಟು ತೊಳಸುವಾಗ ಭುಜ ಕೈಕೊಟ್ಟಿತು. ರಾಮಾಂಜಿ ಕೋಲು ಕಸಿದುಕೊಂಡು, ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ತಾನೇ ತಿರುವಿದ. ಒಗ್ಗರಣೆ ಆಯಿತೋ ಸೀದುಹೋಯಿತೋ ನನಗೆ ತಿಳಿಯಲಿಲ್ಲ.

"ಮೂಗು ನಿಂದು, ನೋಡಿ ಹೇಳೋ."

ಅವನು ಮಾಸ್ಕ್ ಇಳಿಸಿ ಬಗ್ಗಿದ. "ಯಪ್ಪಾ! ನಾನೂ ನಿಮ್ಮ ತವರಿನಾಕಿ ಮಗಾನ ಅಂತ ಹೇಳ್ರಿ, ನನಗೂ ಒಂದೀಟು ಉಳೀಲಿ."

ಎಷ್ಟೋ ದಿನಗಳ ಮೇಲೆ ನಾನು ನಕ್ಕೆ.

ಹೊರಟಾಗ ಹನ್ನೆರಡು ದಾಟಿತ್ತು. ವೃತ್ತದಲ್ಲಿ ಬ್ಯಾರಿಕೇಡ್ ಎಳೆದಿದ್ದರು. ಕಾನ್‌ಸ್ಟೇಬಲ್ ಲಾಠಿ ಅಡ್ಡ ಹಿಡಿದು ಪಾಸ್ ಎಲ್ಲಿ ಎಂದ. "ಸತ್ತ ಮನೀಗ್ರಿ, ತವರಿನ ಊಟ," ಎಂದ ರಾಮಾಂಜಿ. ಆತ ನನ್ನ ತೊಡೆಯ ಮೇಲಿನ ಮುಚ್ಚಿದ ತಟ್ಟೆಯನ್ನು ನೋಡಿದ. ಮತ್ತೇನೂ ಕೇಳದೆ ಬ್ಯಾರಿಕೇಡನ್ನು ತಾನೇ ಪಕ್ಕಕ್ಕೆ ಎಳೆದ.

ತಿರುವಿನಲ್ಲಿ ರಾಮಾಂಜಿ ಎಂಜಿನ್ ಆರಿಸಿ ಇಳಿದ. ಅವನು ತಳ್ಳುತ್ತಿದ್ದಂತೆ ತಟ್ಟೆಯ ಬಿಸಿ ಸೀರೆಯ ಮೂಲಕ ತೊಡೆಗೆ ತಾಗುತ್ತಿತ್ತು.

ಚಂದ್ರಕಲಾ ಮುಖ ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಊಟವನ್ನು ಗೇಟಿನ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯಬೇಕು, ಆಮೇಲೆ ಮನೆಯವರು ಬಂದು ಒಯ್ಯಬೇಕು. ಆ ನಿಯಮ ಮಾಡಿದವರಲ್ಲಿ ನಾನೂ ಒಬ್ಬಳು. ಕಟ್ಟೆಯ ಹತ್ತಿರ ಒಂದು ಕ್ಷಣ ನಿಂತೆ. ಆಮೇಲೆ ಮಾಸ್ಕನ್ನು ಮೇಲಕ್ಕೆಳೆದುಕೊಂಡು ಗೇಟು ದೂಡಿದೆ, ಎರಡು ಮೆಟ್ಟಿಲು ಹತ್ತಿದೆ, ತಟ್ಟೆಯನ್ನು ಅವಳ ಎರಡು ಕೈಗಳಿಗೂ ಕೊಟ್ಟೆ. ಅವಳ ಹಿಡಿತ ಬಿಗಿಯಾಗುವವರೆಗೆ ನಾನು ಬಿಡಲಿಲ್ಲ.